ಉತ್ಸವದ ಲೆಕ್ಕದಲ್ಲಿ ಒಂದು ಹೊಸ ಖಾತೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಶಾಲೆಯ ಹಳೆಯ ನೆನಪುಗಳ ಕುರಿತು ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ ನಾನು ಸಂತೋಷದಿಂದ ಒಪ್ಪಿದೆ. ಬರೆಯಲು ಕುಳಿತಾಗ ಮಾತ್ರ ಮನಸ್ಸು ಬೇರೊಂದು ವಿಷಯದತ್ತ ಹರಿಯಿತು. ಪಾಠ ಹೇಳುವ ಚಟ ಶಿಕ್ಷಕನನ್ನು ನಿವೃತ್ತಿಯ ನಂತರವೂ ಬಿಡುವುದಿಲ್ಲ. ನಾನು ಕನ್ನಡ ಮಾಧ್ಯಮದಲ್ಲಿ ಮ್ಯಾಟ್ರಿಕ್ ಮುಗಿಸಿ ಶಿಕ್ಷಕನಾದವನು, ವಿಜ್ಞಾನದ ಪಂಡಿತನಲ್ಲ. ಆದರೆ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಬಲ್ಲೆ. ಈ ಲೇಖನಕ್ಕೆ ಅಷ್ಟು ಸಾಕು. ನಾವು ಸಡಗರದಿಂದ ನಡೆಸುವ ನಾಟಕ, ಸ್ನೇಹ ಸಮ್ಮೇಳನ, ಹಬ್ಬ, ಜಾತ್ರೆಗಳು ಗಾಳಿಗೆ ಎಷ್ಟು ಹೊಗೆ ಸೇರಿಸುತ್ತವೆ, ಅದನ್ನು ಅಳೆಯುವುದು ಹೇಗೆ, ಸಡಗರ ಕುಂದದಂತೆ ಅದನ್ನು ತಗ್ಗಿಸುವುದು ಹೇಗೆ ಎಂಬುದೇ ಇಂದಿನ ಪಾಠ.

ಒಂದು ತಪ್ಪೊಪ್ಪಿಗೆ

ಹಳೆಯ ವಿದ್ಯಾರ್ಥಿಗಳಿಗೆ ನಮ್ಮ ಶಾಲೆಯ ನಾಟಕದ ಪರದೆ ನೆನಪಿರಬಹುದು. ಇಚಲಕರಂಜಿಯು 1904ರಲ್ಲಿಯೇ ಮೊದಲ ಯಂತ್ರಮಗ್ಗವನ್ನು ಕಂಡ ಊರು. ಬಟ್ಟೆಗೆ ಇಲ್ಲಿ ಬರವಿಲ್ಲ. ಮಗ್ಗದಲ್ಲಿ ದುಡಿಯುತ್ತಿದ್ದ ಪಾಲಕರೊಬ್ಬರು ಕೋರಾ ಬಟ್ಟೆಯನ್ನು ತಂದುಕೊಟ್ಟರು. ಚಿತ್ರಕಲೆಯ ಶಿಕ್ಷಕರೂ ಮಕ್ಕಳೂ ಕೂಡಿ ಅದರ ಒಂದು ಮಗ್ಗುಲಿಗೆ ಅರಮನೆಯನ್ನೂ ಇನ್ನೊಂದು ಮಗ್ಗುಲಿಗೆ ಅರಣ್ಯವನ್ನೂ ಬರೆದರು. ಆ ಒಂದೇ ಪರದೆ ಇಪ್ಪತ್ತಕ್ಕೂ ಹೆಚ್ಚು ಗ್ಯಾದರಿಂಗ್‌ಗಳನ್ನು ಕಂಡಿತು. ಹರಿಶ್ಚಂದ್ರನ ಸ್ಮಶಾನಕ್ಕೂ ಅದೇ ಅರಣ್ಯ, ಕಿತ್ತೂರು ರಾಣಿಯ ದರ್ಬಾರಿಗೂ ಅದೇ ಅರಮನೆ.

ರಜತ ಮಹೋತ್ಸವ ಬಂದಾಗ ನಾನು ಮುಖ್ಯಾಧ್ಯಾಪಕನಾಗಿದ್ದೆ. ಹಳೆಯ ಪರದೆ ಶಾಲೆಯ ಘನತೆಗೆ ಒಪ್ಪದೆಂದು ನನಗೇ ಅನ್ನಿಸಿತು. ಅದನ್ನು ತೆಗೆಸಿ ಥರ್ಮಾಕೋಲಿನ ಕಮಾನು ಕಟ್ಟಿಸಿದೆ, ದೊಡ್ಡ ಜನರೇಟರ್ ತರಿಸಿದೆ. ಪರದೆಯು ಕಟ್ಟಿಗೆಯ ರಾಶಿಗೆ ಹೊದಿಕೆಯಾಗಿ ಒಂದು ಮಳೆಗಾಲದಲ್ಲಿ ಕೊಳೆತುಹೋಯಿತು. ಸಮಾರಂಭದ ಮರುದಿನ ಕಮಾನನ್ನು ಮೈದಾನದ ಮೂಲೆಯಲ್ಲಿ ಸುಡಿಸಿದೆ. ಕಪ್ಪು ಹೊಗೆ ತರಗತಿಗಳಿಗೆ ನುಗ್ಗಿತು. ಆಗ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಸರ್, ನಿನ್ನೆ ಅಷ್ಟ ಚಂದ ಇತ್ತು, ಇವತ್ತ ಯಾಕ ಸುಡಾಕತ್ತೀರಿ?”

ಅಂದು ನನ್ನ ಬಳಿ ಉತ್ತರವಿರಲಿಲ್ಲ. ಇಪ್ಪತ್ತೈದು ವರ್ಷಗಳ ನಂತರ ಈ ಲೇಖನದ ಮೂಲಕ ಕೊಡಲು ಯತ್ನಿಸುತ್ತಿದ್ದೇನೆ.

ಹೆಜ್ಜೆಗುರುತು ಎಂದರೇನು?

ಕಲ್ಲಿದ್ದಲು, ಪೆಟ್ರೋಲು, ಡೀಸೆಲ್, ಅಡುಗೆ ಅನಿಲ ಇವೆಲ್ಲವೂ ಇಂಗಾಲವನ್ನು ಹೊತ್ತ ಇಂಧನಗಳು. ಉರಿದಾಗ ಆ ಇಂಗಾಲವು ಗಾಳಿಯ ಆಮ್ಲಜನಕದೊಡನೆ ಕೂಡಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಇದು ಸೂರ್ಯನ ಬಿಸಿಲನ್ನು ಒಳಗೆ ಬಿಡುತ್ತದೆ, ಆದರೆ ಭೂಮಿಯಿಂದ ಮರಳುವ ಶಾಖವನ್ನು ಹಿಡಿದಿಡುತ್ತದೆ. ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇದರ ಪಾಲು ಸುಮಾರು 280 ಇತ್ತು; ಈಗ 420ನ್ನು ದಾಟಿದೆ. ಒಂದು ಕೆಲಸದಿಂದ, ಒಂದು ಸಂಸ್ಥೆಯಿಂದ ಅಥವಾ ಒಂದು ಸಮಾರಂಭದಿಂದ ಹೊರಬೀಳುವ ಇಂಥ ಅನಿಲಗಳ ಒಟ್ಟು ತೂಕಕ್ಕೆ ಇಂಗಾಲದ ಹೆಜ್ಜೆಗುರುತು ಎಂದು ಹೆಸರು. ಮಿಥೇನ್ ಮುಂತಾದ ಅನಿಲಗಳನ್ನೂ ಇಂಗಾಲದ ಡೈಆಕ್ಸೈಡಿನ ಲೆಕ್ಕಕ್ಕೆ ತಿರುಗಿಸಿ ಕೂಡಿಸುತ್ತಾರೆ. ಒಂದು ಕಿಲೋ ಮಿಥೇನ್ ನೂರು ವರ್ಷಗಳ ಅವಧಿಯಲ್ಲಿ ಸುಮಾರು 28 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಏರಿಸುತ್ತದೆ.

ಇದು ದೂರದ ಮಾತೆಂದು ನಮ್ಮ ಭಾಗದವರು ಹೇಳುವಂತಿಲ್ಲ. ಕೊಲ್ಲಾಪುರದ ರಾಜಾರಾಮ ಬಂಧಾರದಲ್ಲಿ ಪಂಚಗಂಗೆಯ ಅಪಾಯದ ಮಟ್ಟ 43 ಅಡಿ. 2019ರ ಆಗಸ್ಟಿನಲ್ಲಿ ನೀರು 55 ಅಡಿ ದಾಟಿತು; ರಾಷ್ಟ್ರೀಯ ಹೆದ್ದಾರಿಯೇ ದಿನಗಟ್ಟಲೆ ಮುಚ್ಚಿತು. 2021ರ ಜುಲೈಯಲ್ಲಿ ಮತ್ತೆ ಅದೇ ಗತಿಯಾಯಿತು. ಯಾವುದೇ ಒಂದು ನೆರೆಯನ್ನು ಹೊಗೆಯ ತಲೆಗೆ ಪೂರ್ತಿಯಾಗಿ ಕಟ್ಟುವುದು ಶಾಸ್ತ್ರಸಮ್ಮತವಲ್ಲ. ಆದರೆ ಗಾಳಿಯು ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಸುಮಾರು ಏಳರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು; ಸುರಿದಾಗ ಅಷ್ಟೇ ಭಾರವಾಗಿ ಸುರಿಯಬಲ್ಲದು. ನದಿಯ ದಂಡೆಯ ಮೇಲೆ ಬಾಳುವವರಿಗೆ ಈ ಪಾಠ ಅನಿವಾರ್ಯ.

ಅಳೆಯುವ ಕ್ರಮ

ಲೆಕ್ಕಿಗರು ಇದನ್ನು ಮೂರು ವ್ಯಾಪ್ತಿಗಳಾಗಿ ವಿಂಗಡಿಸುತ್ತಾರೆ. ಮೊದಲನೆಯದು, ನಾವೇ ನೇರವಾಗಿ ಸುಡುವುದು: ಒಲೆಯ ಅನಿಲ, ಜನರೇಟರಿನ ಡೀಸೆಲ್. ಎರಡನೆಯದು, ನಾವು ಕೊಂಡ ವಿದ್ಯುತ್ತಿಗಾಗಿ ದೂರದ ಸ್ಥಾವರದಲ್ಲಿ ಸುಟ್ಟದ್ದು. ಮೂರನೆಯದು, ನಮ್ಮ ಕಾರ್ಯದ ಸಲುವಾಗಿ ಇತರರು ಸುಟ್ಟದ್ದು: ಬರುವವರ ವಾಹನ, ತರಿಸಿದ ಸರಕು, ಎಸೆದ ಕಸ.

ಗುಣಿಸಲು ಬೇಕಾದ ಅಂಕಿಗಳು ನಾಲ್ಕೇ. ಒಂದು ಲೀಟರ್ ಪೆಟ್ರೋಲಿಗೆ ಸುಮಾರು 2.3 ಕಿಲೋ, ಒಂದು ಲೀಟರ್ ಡೀಸೆಲ್‌ಗೆ 2.7 ಕಿಲೋ, ಒಂದು ಕಿಲೋ ಅಡುಗೆ ಅನಿಲಕ್ಕೆ 3 ಕಿಲೋ, ನಮ್ಮ ದೇಶದ ಜಾಲದಿಂದ ಬರುವ ಒಂದು ಯೂನಿಟ್ ವಿದ್ಯುತ್ತಿಗೆ 0.7 ಕಿಲೋ ಇಂಗಾಲದ ಡೈಆಕ್ಸೈಡ್.

ಇದನ್ನು ನಾನು ಮೊಮ್ಮಗನ ವಯಸ್ಸಿನ ಒಬ್ಬ ಹುಡುಗನಿಗೆ ಹೇಳಿದಾಗ ಅವನು ತಕ್ಷಣ ತಡೆದ: “ಅಜ್ಜಾರ, ಒಂದ ಲೀಟರ್ ಡೀಸೆಲ್ ಒಂದ ಕಿಲೋನೂ ತೂಗೂದಿಲ್ಲ. ಅದರಾಗಿಂದ ಎರಡೂವರಿ ಕಿಲೋ ಹೊಗಿ ಹೆಂಗ ಬರ್ತದ್ರಿ?” ಇಂಥ ಪ್ರಶ್ನೆ ಕೇಳುವ ಮಗು ಸಿಕ್ಕರೆ ಶಿಕ್ಷಕನ ಜನ್ಮ ಸಾರ್ಥಕ. ಉತ್ತರ ಹೀಗಿದೆ: ಒಂದು ಲೀಟರ್ ಡೀಸೆಲ್ ಸುಮಾರು 840 ಗ್ರಾಂ ತೂಗುತ್ತದೆ, ಅದರಲ್ಲಿ ಇಂಗಾಲ ಸುಮಾರು 720 ಗ್ರಾಂ. 12 ಗ್ರಾಂ ಇಂಗಾಲವು ಉರಿಯುವಾಗ ಗಾಳಿಯಿಂದ 32 ಗ್ರಾಂ ಆಮ್ಲಜನಕವನ್ನು ಎಳೆದುಕೊಂಡು 44 ಗ್ರಾಂ ಅನಿಲವಾಗುತ್ತದೆ. ಆದ್ದರಿಂದ 720ನ್ನು 44ರಿಂದ ಗುಣಿಸಿ 12ರಿಂದ ಭಾಗಿಸಿದರೆ 2,640 ಗ್ರಾಂ ಬರುತ್ತದೆ. ಹೆಚ್ಚಿನ ತೂಕ ಗಾಳಿಯದು. ಲೆಕ್ಕದ ಸೌಕರ್ಯಕ್ಕಾಗಿ ನಾವು 2.7 ಎಂದು ಹಿಡಿಯುತ್ತೇವೆ.

ಒಂದು ಮಾದರಿ ಲೆಕ್ಕ

ಈಗ ಒಂದು ಶಾಲೆಯ ವಾರ್ಷಿಕೋತ್ಸವವನ್ನು ಊಹಿಸಿಕೊಳ್ಳೋಣ. ಸ್ಥಳ ಇಚಲಕರಂಜಿ. ಊಟಕ್ಕೆ ಐನೂರು ಜನ. ಕೊಲ್ಲಾಪುರದಿಂದ 40 ಕಾರುಗಳಲ್ಲಿ ನೂರು ಜನ, ಗಡಹಿಂಗ್ಲಜದ ಕಡೆಯಿಂದ 20 ಕಾರುಗಳಲ್ಲಿ ಐವತ್ತು ಜನ ಬರುತ್ತಾರೆ. ಹೋಗಿಬರುವ ದಾರಿ ಮೊದಲನೆಯವರಿಗೆ 60 ಕಿ.ಮೀ., ಎರಡನೆಯವರಿಗೆ 130 ಕಿ.ಮೀ. ಎಂದು ಹಿಡಿಯೋಣ. ಕಾರು ಲೀಟರಿಗೆ 15 ಕಿ.ಮೀ. ಓಡುತ್ತದೆ. ಊರೊಳಗಿನವರು 100 ಮೋಟಾರ್ ಸೈಕಲ್‌ಗಳಲ್ಲಿ ತಲಾ 10 ಕಿ.ಮೀ. ಓಡಾಡುತ್ತಾರೆ, ಅವು ಲೀಟರಿಗೆ 50 ಕಿ.ಮೀ. ಓಡುತ್ತವೆ.

ಜನರೇಟರ್, ಡೀಸೆಲ್ 30 ಲೀಟರ್: 81 ಕಿಲೋ.
ವಿದ್ಯುತ್ತು 60 ಯೂನಿಟ್: 42 ಕಿಲೋ.
ಅಡುಗೆ, 19 ಕಿಲೋದ ನಾಲ್ಕು ಸಿಲಿಂಡರ್: 228 ಕಿಲೋ.
ಕೊಲ್ಲಾಪುರದ ಕಾರುಗಳು, ಪೆಟ್ರೋಲ್ 160 ಲೀಟರ್: 368 ಕಿಲೋ.
ಗಡಹಿಂಗ್ಲಜದ ಕಾರುಗಳು, ಪೆಟ್ರೋಲ್ ಸುಮಾರು 173 ಲೀಟರ್: 400 ಕಿಲೋ.
ಮೋಟಾರ್ ಸೈಕಲ್‌ಗಳು, ಪೆಟ್ರೋಲ್ 20 ಲೀಟರ್: 46 ಕಿಲೋ.
ಒಟ್ಟು: 1,165 ಕಿಲೋ.

ವಾಚಕರು ಈ ಪಟ್ಟಿಯನ್ನು ಎರಡು ಸಲ ನೋಡಬೇಕು. ಸಾಮಾನ್ಯವಾಗಿ ‘ಉಳಿತಾಯ’ ಎಂದೊಡನೆ ನಮ್ಮ ಕಣ್ಣು ದೀಪಗಳ ಮೇಲೆ ಬೀಳುತ್ತದೆ. ಇಲ್ಲಿ ದೀಪಕ್ಕೆ ಉರಿದ ವಿದ್ಯುತ್ತು ನೂರಕ್ಕೆ ನಾಲ್ಕು ಪಾಲೂ ಇಲ್ಲ. ಪ್ರಯಾಣದ ಮೂರು ಸಾಲುಗಳನ್ನು ಕೂಡಿಸಿದರೆ 814 ಕಿಲೋ, ಅಂದರೆ ನೂರಕ್ಕೆ 70 ಪಾಲು. ಅಳೆಯದೆ ತಗ್ಗಿಸಲು ಹೊರಟವನು ನಾಲ್ಕು ಬಲ್ಬು ಆರಿಸಿ ಸಮಾಧಾನಪಟ್ಟುಕೊಳ್ಳುತ್ತಾನೆ. ದೊಡ್ಡ ಹೊಗೆ ಬಾಗಿಲ ಹೊರಗೆ ವಾಹನ ನಿಲ್ಲುವ ಜಾಗದಲ್ಲಿದೆ.

ಈಗ ತಗ್ಗಿಸುವ ಲೆಕ್ಕ. ಕೊಲ್ಲಾಪುರದ ನೂರು ಜನಕ್ಕೆ ಎರಡು ಬಸ್ಸು, ಗಡಹಿಂಗ್ಲಜದ ಐವತ್ತು ಜನಕ್ಕೆ ಒಂದು ಬಸ್ಸು ಮಾಡಿದರೆ, ಬಸ್ಸು ಲೀಟರಿಗೆ ನಾಲ್ಕೂವರೆ ಕಿ.ಮೀ. ಓಡಿದರೂ, ಹೊಗೆ ಕ್ರಮವಾಗಿ 72 ಮತ್ತು 78 ಕಿಲೋ. ಅಂದರೆ 768ರ ಜಾಗದಲ್ಲಿ 150. ಸುಮಾರು 333 ಲೀಟರ್ ಪೆಟ್ರೋಲಿನ ಬದಲು 56 ಲೀಟರ್ ಡೀಸೆಲ್ ಸಾಕು. ನಾಟಕವನ್ನು ಹಗಲಿನಲ್ಲಿ ಆಡಿದರೆ ಜನರೇಟರಿನ 81 ಕಿಲೋ ಉಳಿಯುತ್ತದೆ. ಊಟಕ್ಕೆ ಬರುವವರ ಎಣಿಕೆಯನ್ನು ಮೊದಲೇ ತೆಗೆದುಕೊಂಡು ಒಂದು ಸಿಲಿಂಡರ್ ಉಳಿಸಿದರೆ 57 ಕಿಲೋ ಕಡಿಮೆ. ಒಟ್ಟು 1,165 ಇದ್ದದ್ದು 409ಕ್ಕೆ ಇಳಿಯುತ್ತದೆ. ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಒಬ್ಬ ಅತಿಥಿಯೂ ಕಡಿಮೆಯಾಗಿಲ್ಲ, ಒಂದು ಹಾಡೂ ತಪ್ಪಿಲ್ಲ.

ಈ ಲೆಕ್ಕದಲ್ಲಿ ಹಂದರ, ಫ್ಲೆಕ್ಸ್ ಫಲಕ, ಉಳಿದ ಅನ್ನ ಸೇರಿಲ್ಲ. ಮಿಕ್ಕ ಅನ್ನವನ್ನು ತಿಪ್ಪೆಯಲ್ಲಿ ಗಾಳಿಯಾಡದಂತೆ ಹೂತರೆ ಅದು ಕೊಳೆತು ಮಿಥೇನ್ ಬಿಡುತ್ತದೆ. ಫ್ಲೆಕ್ಸ್ ಎಂಬುದು ಪಿವಿಸಿ ಲೇಪನದ ಬಟ್ಟೆ. ಸುಟ್ಟರೆ ವಿಷದ ಹೊಗೆ, ಹೂತರೆ ಕರಗದ ಕಸ. ಇವನ್ನು ತೂಗುವುದು ಕಠಿಣ, ಬಿಡುವುದು ಸುಲಭ.

ನಮ್ಮ ಹಿರಿಯರ ರಂಗಭೂಮಿ

ಈ ವಿಚಾರ ಹೊಸದಾದರೂ ಆಚರಣೆ ನಮಗೆ ಹೊಸದಲ್ಲ. ಉತ್ತರ ಕನ್ನಡದ ಕರ್ಕಿಯ ಯಕ್ಷಗಾನ ಮೇಳವೊಂದು ಸಾಂಗ್ಲಿಗೆ ಬಂದು ಆಟ ಆಡಿತ್ತು. ಅದರಿಂದ ಪ್ರೇರಣೆ ಪಡೆದ ವಿಷ್ಣುದಾಸ ಭಾವೆಯವರು 1843ರಲ್ಲಿ ಸಾಂಗ್ಲಿ ಸಂಸ್ಥಾನದಲ್ಲಿ ‘ಸೀತಾ ಸ್ವಯಂವರ’ವನ್ನು ಆಡಿಸಿದರು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಅಲ್ಲಿಂದ ಎಣಿಸುತ್ತದೆ. ಎರಡೂ ಭಾಷೆಗಳ ನಡುವೆ ಬಾಳುವ ನಮಗೆ ಇದು ಹೆಮ್ಮೆಯ ಸಂಗತಿ. ಇದರಲ್ಲಿ ಇನ್ನೊಂದು ಪಾಠವೂ ಉಂಟು: ಅಂದು ಪ್ರಯಾಣ ಮಾಡಿದ್ದು ಮೇಳ, ಪ್ರೇಕ್ಷಕರಲ್ಲ. ಹತ್ತಿಪ್ಪತ್ತು ಜನ ಊರಿಂದೂರಿಗೆ ಹೋದರೆ ಸಾವಿರಾರು ಜನ ತಮ್ಮ ಊರಲ್ಲಿಯೇ ಕುಳಿತು ನೋಡುತ್ತಿದ್ದರು. ಹೆಗ್ಗೋಡಿನ ನೀನಾಸಮ್ 1985ರಿಂದ ನಡೆಸಿಕೊಂಡು ಬಂದಿರುವ ‘ತಿರುಗಾಟ’ವೂ ಇದೇ ಕ್ರಮದ್ದು, ನಟರೂ ರಂಗಸಜ್ಜಿಕೆಯೂ ಕೂಡಿಯೇ ಊರೂರು ಸುತ್ತುತ್ತವೆ.

ಗಡಹಿಂಗ್ಲಜದ ಹಿರಣ್ಯಕೇಶಿಯ ದಂಡೆಯ ನನ್ನ ಊರಿನಲ್ಲಿ ಬಾಲ್ಯದಲ್ಲಿ ಶ್ರೀಕೃಷ್ಣ ಪಾರಿಜಾತ ಆಡುತ್ತಿದ್ದರು. ಸುತ್ತಲಿನ ಹಳ್ಳಿಯವರು ಚಕ್ಕಡಿಯಲ್ಲಿ, ಕಾಲ್ನಡಿಗೆಯಲ್ಲಿ ಬರುತ್ತಿದ್ದರು. ಆಟ ಬೆಳಗಿನವರೆಗೆ ನಡೆಯುತ್ತಿದ್ದುದಕ್ಕೆ ಒಂದು ಕಾರಣ ಬೆಳಕು ಹರಿದ ಮೇಲೆ ನಡೆದು ಮನೆ ಸೇರುವ ಅನುಕೂಲವೂ ಇರಬಹುದೆಂದು ನನಗೀಗ ತೋರುತ್ತದೆ. ಹಿಂದಿನದೆಲ್ಲ ನಿರ್ಮಲವಾಗಿತ್ತೆಂದು ನಾನು ಹೇಳುವುದಿಲ್ಲ. ಗ್ಯಾಸಬತ್ತಿಗೂ ಸೀಮೆಎಣ್ಣೆ ಬೇಕಿತ್ತು, ಪಂಜಿಗೂ ಎಣ್ಣೆ ಬೇಕಿತ್ತು. ಆದರೆ ಒಂದು ದೀಪಕ್ಕೆ ಕುಳಿತು ನೋಡುವ ಜನ ನೂರಾರು ಇದ್ದರು.

ಕೊಲ್ಲಾಪುರದ ಬಾಬೂರಾವ್ ಪೇಂಟರ್ ಚಲನಚಿತ್ರಕ್ಕೆ ಕೈಹಾಕುವ ಮುಂಚೆ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದರು. ಕಂಪನಿಯ ಪರದೆ ಸುತ್ತಿಡುವಂಥದು. ಒಂದು ಊರಲ್ಲಿ ಸುತ್ತಿ ಇನ್ನೊಂದು ಊರಲ್ಲಿ ಬಿಚ್ಚಿದರೆ ಮತ್ತೆ ಅದೇ ಅರಮನೆ. ಮುಂದೆ ಕೊಲ್ಲಾಪುರ ಚಿತ್ರನಗರಿಯಾಯಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ವೂ ಇಲ್ಲಿಯ ಛತ್ರಪತಿ ಸ್ಟುಡಿಯೋದಲ್ಲಿ ಚಿತ್ರಿತವಾಗಿ 1934ರಲ್ಲಿ ಬೆಂಗಳೂರಿನಲ್ಲಿ ತೆರೆಕಂಡಿತು. ಚಿತ್ರಕ್ಕೆಂದು ಕಟ್ಟುವ ಸಜ್ಜಿಕೆ ಚಿತ್ರ ಮುಗಿದೊಡನೆ ಬಿಚ್ಚಿಬೀಳುವಂಥದು. ಒಮ್ಮೆ ಬಳಸಿ ಎಸೆಯುವ ಆ ರೂಢಿ ಇಂದು ಮದುವೆಯ ಮಂಟಪಕ್ಕೂ ಶಾಲೆಯ ವೇದಿಕೆಗೂ ಇಳಿದಿದೆ.

ಹಬ್ಬಗಳ ಮಾತು

ಗಣೇಶೋತ್ಸವದ ವಿಷಯದಲ್ಲಿ ಬೇರೆ ಬೇರೆ ಖಾತೆಗಳನ್ನು ಕಲಸಬಾರದು. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿ ನೀರಿನಲ್ಲಿ ಕರಗದಿರುವುದು ನೀರಿನ ಖಾತೆ. ಡಾಲ್ಬಿಯ ಅಬ್ಬರ ಕಿವಿಯ ಖಾತೆ. ಆ ಡಾಲ್ಬಿಯನ್ನು ಹೊತ್ತ ಲಾರಿ, ಅದರ ಮೇಲಿನ ಜನರೇಟರ್ ಉರಿಸುವ ಡೀಸೆಲ್ ಇಂಗಾಲದ ಖಾತೆ. ಜಿಪ್ಸಮ್ಮನ್ನು ಕಾಯಿಸಿಯೇ ಪ್ಲಾಸ್ಟರ್ ಮಾಡಬೇಕಾದ್ದರಿಂದ ಮೂರ್ತಿಯದೂ ಒಂದು ಪಾಲು ಈ ಖಾತೆಗೆ ಬರುತ್ತದೆ. ಬಿಸಿಲಿನಲ್ಲಿ ಒಣಗಿದ ಜೇಡಿಮಣ್ಣಿನ ಗಣಪತಿಗೆ ಅದಿಲ್ಲ. ಒಂದು ಖಾತೆಯಲ್ಲಿ ಪುಣ್ಯ ಗಳಿಸಿ ಇನ್ನೊಂದರಲ್ಲಿ ಕಳೆಯುವುದೂ ಉಂಟು: ಮಣ್ಣಿನ ಮೂರ್ತಿಯನ್ನು ತಂದು, ಅದರ ಮುಂದೆ ರಾತ್ರಿಯಿಡೀ ಜನರೇಟರ್ ಓಡಿಸಿದಂತೆ.

ಕೊಲ್ಲಾಪುರದಲ್ಲಿ ಮೂರ್ತಿಗಳನ್ನು ನದಿಯಲ್ಲಿ ಬಿಡದೆ ದಾನವಾಗಿ ಒಪ್ಪಿಸುವ, ಇರಾಣಿ ಖಣಿಯಲ್ಲಿ ವಿಸರ್ಜಿಸುವ ರೂಢಿ ಬೆಳೆದಿದೆ. 2018ರಲ್ಲಿ ಮಹಾರಾಷ್ಟ್ರ ಸರಕಾರ ಅಲಂಕಾರದ ಥರ್ಮಾಕೋಲನ್ನು ನಿಷೇಧಿಸಿತು. ‘ಒಂದು ಊರು, ಒಂದು ಗಣಪತಿ’ ಎಂಬ ಯೋಜನೆ ಊರಿನ ಒಗ್ಗಟ್ಟಿಗಾಗಿ ಬಂದದ್ದು; ಆದರೆ ಐದು ಹಂದರದ ಬದಲು ಒಂದು ಹಂದರ, ಐದು ಜನರೇಟರಿನ ಬದಲು ಒಂದು ಎಂದಾದಾಗ ಅದು ಹೊಗೆಯನ್ನೂ ತಗ್ಗಿಸುತ್ತದೆ. ಹಲಗಿ, ಲೇಝಿಮ್, ಕರಡಿ ಮಜಲುಗಳಿಗೆ ಡೀಸೆಲ್ ಬೇಡ. ಬಾರಿಸುವವನಿಗೆ ಎರಡು ರೊಟ್ಟಿ ಹೆಚ್ಚು ಬೇಕಾದೀತು, ಅಷ್ಟೆ.

ಹೊರದೇಶಗಳಲ್ಲಿಯೂ ಈ ಎಣಿಕೆ ನಡೆದಿದೆ. ಇಂಗ್ಲೆಂಡಿನ ಕಲಾ ಪರಿಷತ್ತು ತನ್ನಿಂದ ನಿಯಮಿತ ಅನುದಾನ ಪಡೆಯುವ ಸಂಸ್ಥೆಗಳು ತಮ್ಮ ವಿದ್ಯುತ್ತು, ನೀರು ಮುಂತಾದವುಗಳ ಪರಿಸರ ವರದಿ ಕೊಡಬೇಕೆಂದು 2012ರಿಂದ ವಿಧಿಸಿತು. ರಂಗಭೂಮಿಯವರೇ ಕೂಡಿ 2021ರಲ್ಲಿ ಹೊರತಂದ ಹಸಿರು ಕೈಪಿಡಿಯು, ರಂಗಸಜ್ಜಿಕೆಯ ಸಾಮಗ್ರಿಯಲ್ಲಿ ಅರ್ಧದಷ್ಟಾದರೂ ಮೊದಲೇ ಬಳಸಿದ್ದಿರಬೇಕೆಂದು ಮೊದಲ ಹಂತದ ಗುರಿ ಇಟ್ಟಿತು. ಇದನ್ನು ಓದಿದಾಗ ನನಗೆ ನಮ್ಮ ಕೋರಾ ಬಟ್ಟೆಯ ಪರದೆ ನೆನಪಾಗಿ ನಾಚಿಕೆಯಾಯಿತು. ಅವರು ಈಗ ಮುಟ್ಟಲು ಹೊರಟ ಗುರಿಯನ್ನು ನಾವು ತಿಳಿಯದೆಯೇ ಮುಟ್ಟಿ, ತಿಳಿಯದೆಯೇ ಕೈಬಿಟ್ಟಿದ್ದೆವು.

ಕೂಡುವುದನ್ನು ಬಿಡಬಾರದು

ಇದೆಲ್ಲ ಓದಿ ಯಾರಾದರೂ ‘ಹಾಗಾದರೆ ಉತ್ಸವವೇ ಬೇಡ’ ಎಂದರೆ ನಾನು ಒಪ್ಪುವುದಿಲ್ಲ. ಗಡಿಯಾಚೆಯ ಕನ್ನಡ ಶಾಲೆಗೆ ಗ್ಯಾದರಿಂಗ್ ಎಂಬುದು ಬರಿಯ ಮನರಂಜನೆಯಲ್ಲ. ನಮ್ಮ ಮಕ್ಕಳು ಅಂಗಡಿಯಲ್ಲಿ, ಕಚೇರಿಯಲ್ಲಿ ಮರಾಠಿ ಆಡುತ್ತಾರೆ. ಅದು ಸಹಜ, ಅದು ನಮ್ಮ ನೆರೆಯವರ ಸಿಹಿಯಾದ ಭಾಷೆ. ಆದರೆ ಸಾವಿರ ಜನರ ಎದುರು ನಿಂತು ಎತ್ತರದ ದನಿಯಲ್ಲಿ ಕನ್ನಡ ಆಡುವ ಅವಕಾಶ ಅವರಿಗೆ ವರ್ಷಕ್ಕೊಮ್ಮೆ ಆ ವೇದಿಕೆಯ ಮೇಲೆ ಸಿಗುತ್ತದೆ. ಕೊಲ್ಲಾಪುರಕ್ಕೆ, ಗಡಹಿಂಗ್ಲಜಕ್ಕೆ ಚೆದುರಿದ ಹಳೆಯ ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ನೋಡುವುದೂ ಅಂದೇ. ಮೇಲಿನ ಲೆಕ್ಕದಲ್ಲಿ ದೊಡ್ಡ ಪಾಲು ಪ್ರಯಾಣದ್ದೆಂದು ತಿಳಿದಾಗ ನಾನು ಒಂದು ರಾತ್ರಿ ನಿದ್ರೆಗೆಟ್ಟೆ. ಬರಬೇಡಿ ಎಂದು ಯಾರಿಗೆ ಹೇಳಲಿ? ಉತ್ತರ ಬಸ್ಸಿನಲ್ಲಿ ಸಿಕ್ಕಿತು. ಬರಲೇಬೇಕು, ಕೂಡಿ ಬರಬೇಕು.

ಮಹೋತ್ಸವ ಸಮಿತಿಯ ಸಭೆಯಲ್ಲಿ ನಾನು ಮೂರು ಬಿನ್ನಹ ಮಾಡಿಕೊಂಡೆ. ಎರಡೂ ಊರುಗಳಿಂದ ಬಸ್ಸು. ಬಟ್ಟೆಯ ಮೇಲೆ ಮಕ್ಕಳೇ ಬರೆದ ಪರದೆ. ಜನರೇಟರ್ ಇಲ್ಲದ ಹಗಲಿನ ನಾಟಕ. ಕೆಲವು ತರುಣರು ನಕ್ಕರು. “ಸರ್, ಐವತ್ತು ವರ್ಷಕ್ಕೊಮ್ಮೆ ಬರೂ ಹಬ್ಬದಾಗ ಲೆಕ್ಕ ಯಾಕ್ರಿ?” ಎಂದ ಒಬ್ಬ. ಅವನು ನನ್ನ ಹಳೆಯ ವಿದ್ಯಾರ್ಥಿ. ಲೆಕ್ಕದಲ್ಲಿ ಅಂದೂ ಹಿಂದೆ, ಮಾತಿನಲ್ಲಿ ಅಂದೂ ಮುಂದೆ. ಹಬ್ಬದ ಖರ್ಚಿನ ಲೆಕ್ಕ ಬರೆಯುವುದಿಲ್ಲವೇ, ಅದರ ಪಕ್ಕದಲ್ಲಿ ಇನ್ನೊಂದು ಖಾತೆ ಎಂದೆ. ಕೊನೆಗೆ ಬಸ್ಸಿಗೂ ಪರದೆಗೂ ಒಪ್ಪಿಗೆ ಸಿಕ್ಕಿತು. ಬಸ್ಸಿನ ಹೆಸರುಪಟ್ಟಿ ಬರೆದುಕೊಳ್ಳುವ ಕೆಲಸವನ್ನು ನಕ್ಕ ಆ ತರುಣನೇ ವಹಿಸಿಕೊಂಡಿದ್ದಾನೆ. ಜನರೇಟರ್ ಮಾತ್ರ ಬರುತ್ತದೆ. ರಾತ್ರಿಯ ದೀಪಾಲಂಕಾರವಿಲ್ಲದೆ ಮಹೋತ್ಸವವೆನಿಸದು ಎಂಬುದು ಬಹುಮತ. ಮೂರರಲ್ಲಿ ಎರಡು ಸಿಕ್ಕರೆ ಪ್ರಥಮ ದರ್ಜೆಯೇ ಸರಿ.

ವಾಚಕರಲ್ಲಿ ಒಂದು ಕೋರಿಕೆ. ಸಮಾರಂಭದ ದಿನ ಬಾಗಿಲಲ್ಲಿ ಏಳನೆಯ ತರಗತಿಯ ಮಕ್ಕಳು ಒಂದು ಚೀಟಿ ಕೊಡುತ್ತಾರೆ. ಎಲ್ಲಿಂದ ಬಂದಿರಿ, ಯಾವ ವಾಹನದಲ್ಲಿ ಬಂದಿರಿ, ಅದರಲ್ಲಿ ಎಷ್ಟು ಜನ ಇದ್ದಿರಿ ಎಂಬ ಮೂರು ಪ್ರಶ್ನೆಗಳು ಅದರಲ್ಲಿವೆ. ದಯವಿಟ್ಟು ನಿಜವನ್ನು ಬರೆಯಿರಿ. ಒಬ್ಬರೇ ಕಾರಿನಲ್ಲಿ ಬಂದಿದ್ದರೂ ಸಂಕೋಚ ಬೇಡ. ಮಕ್ಕಳು ತೀರ್ಪುಗಾರರಲ್ಲ, ಕೂಡಿಸುವವರು. ಅವರು ಮಾಡಿದ ಲೆಕ್ಕವನ್ನು ಶಾಲೆಯ ಕಚೇರಿಯ ಗೋಡೆಗೆ ತೂಗುಹಾಕುತ್ತೇವೆ. ಮುಂದಿನ ವರ್ಷದ ಗ್ಯಾದರಿಂಗಿನ ಲೆಕ್ಕವನ್ನು ಅದರ ಪಕ್ಕದಲ್ಲಿ ತೂಗುಹಾಕಬೇಕು. ಎರಡು ಅಂಕಿಗಳ ನಡುವಿನ ವ್ಯತ್ಯಾಸವೇ ನಮ್ಮ ಪರೀಕ್ಷೆಯ ಫಲಿತಾಂಶ.

ಹೊಸ ಪರದೆ ಈಗ ಸಿದ್ಧವಾಗುತ್ತಿದೆ. ಒಂದು ಮಗ್ಗುಲಿಗೆ ಅರಮನೆ, ಇನ್ನೊಂದಕ್ಕೆ ಅರಣ್ಯ. ಅಂದು ನನ್ನನ್ನು ಪ್ರಶ್ನಿಸಿದ ಹುಡುಗಿಯ ಮಗಳು ಇಂದು ನಮ್ಮ ಶಾಲೆಯ ಐದನೆಯ ತರಗತಿಯಲ್ಲಿದ್ದಾಳೆ. ಅರಣ್ಯದ ಮರಗಳಿಗೆ ಹಸಿರು ಹಚ್ಚುವ ಮಕ್ಕಳಲ್ಲಿ ಅವಳೂ ಒಬ್ಬಳು. ನಾಟಕ ಮುಗಿದ ಮೇಲೆ ಆ ಪರದೆಯನ್ನು ಬೇವಿನ ಸೊಪ್ಪು ಹಾಕಿ ಸುತ್ತಿ ಪೆಟ್ಟಿಗೆಯಲ್ಲಿಡಬೇಕೆಂದು, ಅದಕ್ಕೆ ಕಟ್ಟಿಗೆಯ ರಾಶಿಯ ಗತಿ ಬಾರದಿರಲೆಂದು ಈಗಿನ ಮುಖ್ಯಾಧ್ಯಾಪಕರನ್ನು ನಾನು ಕೈಮುಗಿದು ಬೇಡಿಕೊಂಡಿದ್ದೇನೆ. ನಮ್ಮ ಶಾಲೆಯು ಶತಮಾನೋತ್ಸವವನ್ನು ಕಾಣಲಿ. ಅಂದಿನ ನಾಟಕಕ್ಕೂ ಇದೇ ಪರದೆ ಇಳಿಯಲಿ.